ಒಂದು ಗುಟುಕು ಗಾಳಿ

ಮೂರು ದಿನದಿಂದ ಅಕ್ವೇರಿಯಂ ಮುಂದೆ ಕೂತು ಒಂದೇ ಜಗಳ ನೋಡ್ತಾ ಇದ್ದೀನಿ. ನೀಲಿ ಗೌರಾಮಿ ಅನ್ನೋ ಮೀನಿನ ಗಂಡು ಬಲಮೂಲೆಯಲ್ಲಿ ಮೊಟ್ಟೆಗೆ ಅಂತ ನೀರಿನ ಮೇಲೆ ನೊರೆಗೂಡು ಕಟ್ಟಿದೆ. ಇನ್ನೊಂದು ಗಂಡು ಹತ್ತಿರ ಸುಳಿದರೆ ಸಾಕು, ರೆಕ್ಕೆ ಅಗಲಿಸಿ ನುಗ್ಗುತ್ತೆ. ಸೋತದ್ದು ಹೀಟರ್ ಹಿಂದೆ ಅಡಗಿದೆ, ಬಾಲದ ಅಂಚು ಹರಿದಿದೆ.

ಗೌರಾಮಿಗೆ ಕಿವಿರು ಮಾತ್ರ ಸಾಲದು, ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಆ ಬಡಪಾಯಿ ಮೇಲೆ ಬಂದಾಗೆಲ್ಲ ಇದು ಅಟ್ಟಿಸಿಕೊಂಡು ಬರುತ್ತೆ. ಉಸಿರು ತಗೊಳ್ಳೋಕೂ ಇನ್ನೊಬ್ಬರ ಕಣ್ಣು ತಪ್ಪಿಸಬೇಕು ಅಂದ್ರೆ ಅದೆಂಥ ಬದುಕು ಅಂತ ರಾತ್ರಿಯೆಲ್ಲ ಅದೇ ಯೋಚನೆ.

ನಿನ್ನೆ ಜಗಳಗಂಟನನ್ನ ಬೇರೆ ತೊಟ್ಟಿಗೆ ಹಾಕಿ, ಕಲ್ಲು, ಮರದ ತುಂಡು ಎಲ್ಲದರ ಜಾಗ ಬದಲಿಸಿದೆ. ಹಳೇ ಗುರುತು ಅಳಿದರೆ ವಾಪಸ್ ಬಿಟ್ಟಾಗ ‘ಇದು ನನ್ನದು’ ಅನ್ನೋ ಹಟ ಸ್ವಲ್ಪ ಇಳಿಯುತ್ತೆ. ಈ ಕಡೆಯಿಂದ ಆ ಕಡೆ ನೇರ ಕಾಣದ ಹಾಗೆ ಎತ್ತರದ ಗಿಡ ನೆಟ್ಟೆ, ಮೇಲೆ ತೇಲುವ ಗಿಡ ಬಿಟ್ಟೆ. ಆದ್ರೂ ಚಿಕ್ಕ ತೊಟ್ಟಿಗೆ ಒಂದೇ ಗಂಡು ಸರಿ. ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿದ್ದರೆ ಗಂಡು, ಗಿಡ್ಡವಾಗಿ ದುಂಡಗಿದ್ದರೆ ಹೆಣ್ಣು. ಮರಿಯಲ್ಲಿ ಅದು ಗೊತ್ತಾಗೋದೇ ಕಷ್ಟ. ಸುಮಾರು 15 ಸೆಂ.ಮೀ. ಬೆಳೆಯೋ ಮೀನು, ಮರಿಯಾಗಿದ್ದಾಗ ಎಷ್ಟು ಸಾಧು ಕಾಣುತ್ತೆ!

ಈಗಷ್ಟೇ ಸೋತದ್ದು ಹೊರಗೆ ಬಂತು. ದಾರದಂಥ ಎರಡು ರೆಕ್ಕೆ ಮುಂದೆ ಚಾಚಿ ಹೊಸ ಜಾಗದ ಕಲ್ಲನ್ನ ಮುಟ್ಟಿತು. ಹಿಂದೆ ಸರಿದು, ಮತ್ತೆ ಮುಟ್ಟಿತು. ಆಮೇಲೆ ನಿಧಾನಕ್ಕೆ ಮೇಲೆ ಹೋಗಿ ಗುಳುಕ್ ಅಂತ ಗಾಳಿ ತಗೊಂಡಿತು.