ಹಿತ್ತಾಳೆ ಜೆಟ್ಟು, ಮೈಸೂರಿನ ಗಾಡಿ

ಕಾರ್ಬುರೇಟರ್ ಒಳಗಿನ ಮೇನ್ ಜೆಟ್ ನೋಡಿದ್ದೀರಾ? ಕಡಲೆಕಾಳಿನಷ್ಟು ಹಿತ್ತಾಳೆ ತುಂಡು, ನಡುವೆ ಗುಂಡುಸೂಜಿ ತೂರುವಷ್ಟು ತೂತು. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಅಳೆದು ಬಿಡೋದು ಆ ತೂತೇ. ಎಂಟು ತಿಂಗಳು ಶನಿವಾರ ಭಾನುವಾರ ಅನ್ನದೆ ಕೂತು ಕಟ್ಟಿದ ಇಂಜಿನನ್ನು ನಾನು ಹತ್ತು ಸೆಕೆಂಡಿನಲ್ಲಿ ಜಾಮ್ ಮಾಡಿಕೊಂಡಿದ್ದು ಅಂಥ ಒಂದು ಜೆಟ್ಟಿನಿಂದ. ಜೆಟ್ಟು ಚೆನ್ನಾಗಿಯೇ ಇತ್ತು. ಅದನ್ನು ಅಲ್ಲಿ ಕೂರಿಸಿದ ನನ್ನ ತಲೆ ಸರಿ ಇರಲಿಲ್ಲ, ಅಷ್ಟೇ.

ಗಾಡಿ ಯೆಜ್ದಿ ರೋಡ್‌ಕಿಂಗ್, 250 ಸಿಸಿ ಬೈಕು. ನನ್ನ ಸೋದರಮಾವನದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ಹುಟ್ಟಿದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಮಾವನ ಗಾಡಿ ಮಾತ್ರ ಆಮೇಲೂ ಎಷ್ಟೋ ವರ್ಷ ಓಡಿತು. ಅವರು ತೀರಿಕೊಂಡ ಮೇಲೆ ಹಿತ್ತಲಲ್ಲಿ ಟಾರ್ಪಲ್ ಕೆಳಗೆ ಮಲಗಿತ್ತು. "ಗುಜರಿಯವನು ದಿನಾ ಬಂದು ಕೇಳ್ತಾನೆ, ನಿನಗೆ ಬೇಕಾದ್ರೆ ತಗೊಂಡು ಹೋಗಪ್ಪ" ಅಂತ ಅತ್ತೆ ಫೋನ್ ಮಾಡಿದರು. ರೈಲಿನಲ್ಲಿ ಪಾರ್ಸಲ್ ಹಾಕಿಸಿ ಪುಣೆಗೆ ತಂದೆ. ರಿಪೇರಿ ಮಾಡಿಸಿ, ಪಾಲಿಶ್ ಹೊಡೆಸಿ, ಫೋಟೋ ತೆಗೆದು ಸುಮ್ನೆ ನಿಲ್ಲಿಸಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಹಿಂದಿನ ವರ್ಷ ಲೋಣಾವಳದ ಆಚೆ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ ಮೇಲೆ ಡ್ರ್ಯಾಗ್ ರೇಸ್ ನೋಡಿ ಬಂದಿದ್ದೆ. ನೇರ ದಾರಿ, 402 ಮೀಟರ್, ಅಂದರೆ ಕಾಲು ಮೈಲಿ. ಎರಡು ಗಾಡಿ, ಒಂದು ಹಸಿರು ದೀಪ. ತಿರುವಿಲ್ಲ, ಬೇರೆ ಕಸರತ್ತೂ ಇಲ್ಲ. ಇಷ್ಟು ನಮ್ಮ ಕೈಲೂ ಆಗುತ್ತೆ ಅನ್ನಿಸಿತು. ಎಲ್ಲ ಖರ್ಚಿನ ಕೆಲಸಗಳೂ ಶುರುವಾಗೋದು ಹೀಗೇ ಅಲ್ವಾ?

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಅಂಗಡಿ. ಬೋರ್ ಮಾಡಿಸಲು, ಅಂದರೆ ಒಳಗೋಡೆ ಕೊರೆಸಲು, ಸಿಲಿಂಡರ್ ಹಿಡಿದುಕೊಂಡು ಹೋದವನು ಬಾಗಿಲಲ್ಲಿ ನಿಂತು ಅತ್ತೆ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಒಳಗಿಂದ ದನಿ ಬಂತು, "ಯಾವೂರ್ರೀ ನಿಮ್ದು?" ಅಂಗಡಿಯವರು ಇಂಡಿ ಕಡೆಯವರು, ಮೂವತ್ತು ವರ್ಷದಿಂದ ಪುಣೆಯಲ್ಲಿದ್ದಾರೆ. ಅವತ್ತಿಂದ ಅವರು ನನಗೆ ಕಾಕಾ, ನಾನು ಅವರಿಗೆ ತಮ್ಮಾ. ನನ್ನ ಯೋಜನೆ ಪೂರ್ತಿ ಕೇಳಿಸಿಕೊಂಡು ಬೀಡಿ ಆರಿಸಿ ಹೇಳಿದರು, "ತಮ್ಮಾ, ಇದು ಎತ್ತಿನಂಥಾ ಇಂಜಿನ್ ಐತಿ. ಕುದುರಿ ಮಾಡಾಕ ಹೊಂಟೀಯೇನು?"

ಅವರ ಮಾತು ಸರಿಯೇ. ರೋಡ್‌ಕಿಂಗ್‌ಗೆ ಕಂಪನಿ ಕೊಟ್ಟಿದ್ದೇ 16 ಕುದುರೆಶಕ್ತಿ. ಎಳೆತ ಚೆನ್ನಾಗಿದೆ, ಮೇಲಿನ ಆರ್‌ಪಿಎಂಗೆ ಹೋಗಲು ಮನಸ್ಸಿಲ್ಲ. ಇದು ಟೂ-ಸ್ಟ್ರೋಕ್ ಇಂಜಿನ್. ಇದರಲ್ಲಿ ವಾಲ್ವ್ ಇರುವುದಿಲ್ಲ, ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಹತ್ತಿ ಇಳಿದು ತೆಗೆಯುತ್ತದೆ, ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯನ್ನು ಒಂದು ಮಿಲಿಮೀಟರ್ ಮೇಲಕ್ಕೆ ಕೊಯ್ದರೆ ಅದು ಬೇಗ ತೆರೆಯುತ್ತದೆ, ಇಂಜಿನ್ ಜಾಸ್ತಿ ಸುತ್ತುತ್ತದೆ, ಅಷ್ಟೇ ಪ್ರಮಾಣದಲ್ಲಿ ಕೆಳಗಿನ ಎಳೆತ ಸಾಯುತ್ತದೆ. ನಾನು ಎರಡು ಮಿಲಿಮೀಟರ್ ಕೊಯ್ಯೋಣ ಅಂದೆ. ಕಾಕಾ ಒಂದಕ್ಕೇ ನಿಲ್ಲಿಸಿದರು. "ಕೊಯ್ದದ್ದು ತಿರುಗಿ ಹಚ್ಚಾಕ ಬರಂಗಿಲ್ಲ ತಮ್ಮಾ."

ಕ್ರ್ಯಾಂಕ್, ಬೇರಿಂಗ್, ಕನೆಕ್ಟಿಂಗ್ ರಾಡ್ ಕಥೆ ಬಿಡಿ, ದುಡ್ಡು ಹೋಯಿತು, ಕೆಲಸ ಆಯಿತು. ಬಿಡಿಭಾಗದ ಅಂಗಡಿಗಳಿರುವ ನಾನಾ ಪೇಟೆಯಲ್ಲಿ ಸಿಗದ ಎರಡು ಸಾಮಾನು ಒಂದು ಭಾನುವಾರ ಹಳೇ ಸಾಮಾನಿನ ಸಂತೆ ಜುನಾ ಬಜಾರಿನಲ್ಲಿ, ಹಳೇ ಬೀಗಗಳ ರಾಶಿಯಲ್ಲಿ ಸಿಕ್ಕವು. ಸಿಲಿಂಡರಿನ ಮುಚ್ಚಳ, ಅಂದರೆ ಹೆಡ್, ಲೇತಿನಲ್ಲಿ ತುಸು ಕೆರೆಸಿದೆವು. ಪಿಸ್ಟನ್ನಿಗೂ ಹೆಡ್ಡಿಗೂ ಎಷ್ಟು ಜಾಗ ಉಳಿದಿದೆ ಅಂತ ಪ್ಲಗ್ ತೂತಿನಿಂದ ಬೆಸುಗೆ ತಂತಿ ಇಳಿಸಿ, ಇಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆದೆವು. ಒಂದು ಮಿಲಿಮೀಟರಿಗಿಂತ ಕೂದಲೆಳೆ ಜಾಸ್ತಿ. ಕಾಕಾ ಆ ತಂತಿ ಚೂರನ್ನು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದರು. ಯಾಕೆ ಅಂತ ನಾನೂ ಕೇಳಲಿಲ್ಲ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಸೈಲೆನ್ಸರ್. ಯೆಜ್ದಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎರಡನ್ನೂ ತೆಗೆದು ತಗಡು ಸುತ್ತಿ, ಮೀನಿನ ಹೊಟ್ಟೆಯ ಹಾಗೆ ಉಬ್ಬಿದ ಚೇಂಬರ್ ಮಾಡಿಸಿದೆವು. ಬಾವಿಗೆ ಬಗ್ಗಿ ಕೂಗಿದರೆ ದನಿ ವಾಪಸ್ ಬರುತ್ತದಲ್ಲ, ಇದೂ ಹಾಗೇ. ಹೊಗೆಯ ಜೊತೆ ಹೊರಟ ಒತ್ತಡದ ಅಲೆ ಅಗಲವಾಗುವ ಕಡೆ ಹಿಂದಿನದನ್ನು ಎಳೆದುಕೊಳ್ಳುತ್ತದೆ, ಕಿರಿದಾಗುವ ಕಡೆ ಬಡಿದು ವಾಪಸ್ ಬಂದು, ಸುಡದೆ ತಪ್ಪಿಸಿಕೊಂಡು ಹೊರಟಿದ್ದ ಪೆಟ್ರೋಲ್ ಗಾಳಿಯನ್ನು ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತದೆ. ಉದ್ದ ಸ್ವಲ್ಪ ತಪ್ಪಿದರೂ ಅಲೆ ಬರುವ ಹೊತ್ತಿಗೆ ಕಿಂಡಿ ಮುಚ್ಚಿರುತ್ತದೆ. ಮೂರು ಸಲ ಕತ್ತರಿಸಿ ಬೆಸುಗೆ ಹಾಕಿದೆವು. ಮೂರನೇ ಸಲ ಗಾಡಿ ಇದ್ದಕ್ಕಿದ್ದಂತೆ ಕಿರುಚಿಕೊಂಡು ಎದ್ದಾಗ ಕಾಕಾ ಬೀಡಿ ಬೀಳಿಸಿಕೊಂಡರು.

ಈಗ ಜೆಟ್ಟು. ಅಕ್ಟೋಬರ್ ಬಿಸಿಲಿನಲ್ಲಿ, ಕಾಕಾನ ಪರಿಚಯದವರ ಖಾಲಿ ಆವರಣದಲ್ಲಿ ಓಡಿಸಿ ನೋಡಿದೆವು. ಪೂರ್ತಿ ಥ್ರಾಟಲ್‌ನಲ್ಲಿ ಹೋಗಿ, ಒಮ್ಮೆಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡೋದು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪಗಿದ್ದರೆ ಜಾಸ್ತಿ, ಚಹಾ ಬಣ್ಣ ಬಂದರೆ ಸರಿ. ಜೆಟ್ಟಿನ ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು, ಪೆಟ್ರೋಲ್ ಜಾಸ್ತಿ. 140ರ ಜೆಟ್ಟಿಗೆ ಚಹಾಕ್ಕಿಂತ ಸ್ವಲ್ಪ ಕಡು ಬಣ್ಣ ಬಂತು. "ಇರ್ಲಿ ಬಿಡು. ಹೊಗಿ ಬಂದ್ರ ಬರ್ಲಿ, ಇಂಜಿನ್ ಉಳೀತೈತಿ" ಅಂದರು ಕಾಕಾ.

ರೇಸ್ ಡಿಸೆಂಬರಿನಲ್ಲಿ. ಛೋಟಾ ಹಾಥಿ ಅನ್ನೋ ಪುಟ್ಟ ಟ್ರಕ್ಕಿನ ಹಿಂದೆ ಗಾಡಿ ಕಟ್ಟಿಕೊಂಡು, ಭಾವಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ರಾತ್ರಿಯೇ ಹೊರಟೆ. ಕಾಕಾಗೆ ಅವತ್ತೇ ಯಾರದೋ ಮದುವೆ. ಲೋಣಾವಳ ದಾಟುವಾಗ ನನ್ನ ಬುದ್ಧಿ ಕೆಲಸ ಶುರು ಮಾಡಿತು. ಎತ್ತರದ ಜಾಗ, ಗಾಳಿ ತೆಳು, ತೆಳು ಗಾಳಿಗೆ ಪೆಟ್ರೋಲ್ ಕಡಿಮೆ ಸಾಕು. ಎಲ್ಲೋ ಓದಿದ್ದು. ಬೆಳಿಗ್ಗೆ ಹೆಲ್ಮೆಟ್, ಜಾಕೆಟ್, ಕಿಲ್ ಸ್ವಿಚ್ ಎಲ್ಲ ತಪಾಸಣೆ ಆದಮೇಲೆ ಬೆರಳು ಮರಗಟ್ಟುವ ಚಳಿಯಲ್ಲಿ ಕೂತು 140 ತೆಗೆದು 130 ಹಾಕಿದೆ. ಬೆರಳು ಮರಗಟ್ಟುತ್ತಿದೆ ಅನ್ನೋದೇ ಉತ್ತರ ಆಗಿತ್ತು, ಅದು ನನಗೆ ಹೊಳೆಯಲಿಲ್ಲ.

ಲೆಕ್ಕ ಆಮೇಲೆ ಹಾಕಿದೆ. ನೂರು ಮೀಟರ್ ಮೇಲಕ್ಕೆ ಹೋದರೆ ಗಾಳಿ ಸುಮಾರು ನೂರಕ್ಕೆ ಒಂದರಷ್ಟು ತೆಳುವಾಗುತ್ತದೆ. ಪುಣೆ ಇರುವುದೇ 560 ಮೀಟರ್ ಎತ್ತರದಲ್ಲಿ, ಲೋಣಾವಳ 620ರ ಆಸುಪಾಸು, ಏರ್‌ಸ್ಟ್ರಿಪ್ ಇನ್ನೂ ಸ್ವಲ್ಪ ಮೇಲೆ ಅಂತಲೇ ಇಟ್ಟುಕೊಳ್ಳಿ. ಆದರೆ ಮೂರು ಡಿಗ್ರಿ ಚಳಿ ಹೆಚ್ಚಾದರೂ ಗಾಳಿ ಅಷ್ಟೇ ದಟ್ಟವಾಗುತ್ತದೆ. ಅಕ್ಟೋಬರ್ ಮಧ್ಯಾಹ್ನಕ್ಕೂ ಡಿಸೆಂಬರ್ ಬೆಳಗ್ಗೆಗೂ ಹದಿನೆಂಟು ಇಪ್ಪತ್ತು ಡಿಗ್ರಿ ವ್ಯತ್ಯಾಸ! ಪೆಟ್ರೋಲ್ ಹೆಚ್ಚಿಸಬೇಕಿದ್ದ ಕಡೆ ಇಳಿಸಿದ್ದೆ. ಟೂ-ಸ್ಟ್ರೋಕಿಗೆ ಪೆಟ್ರೋಲ್ ಜೊತೆಯಲ್ಲೇ ಆಯಿಲ್ ಕೂಡ ಹೋಗೋದು, ಹಾಗಾಗಿ ಪೆಟ್ರೋಲ್ ಕಡಿಮೆ ಆದರೆ ಬಿಸಿಯೂ ಜಾಸ್ತಿ, ಜಾರಿಕೆಯೂ ಕಡಿಮೆ.

ಪಕ್ಕದ ಲೇನಿನಲ್ಲಿ ಒಬ್ಬ ಹುಡುಗ, ಯಮಹಾ ಆರ್‌ಎಕ್ಸ್ 100. 98 ಸಿಸಿ ಗಾಡಿ. ನೋಡಿ ಸ್ವಲ್ಪ ಧೈರ್ಯ ಬಂತು, ಬರಬಾರದಿತ್ತು. ಹಸಿರು ಬಿತ್ತು. ಕ್ಲಚ್ ಬಿಟ್ಟೆ, ಮುಂದಿನ ಚಕ್ರ ಸ್ವಲ್ಪ ಎದ್ದು ಕೂತಿತು. ಯೆಜ್ದಿಯಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಕೈಯ ಕೆಲಸ ಇಲ್ಲ. ಆದರೆ ಆತುರದಲ್ಲಿ ಕಾಲನ್ನು ಲಿವರ್ ಮೇಲೆಯೇ ಮರೆತರೆ ಕ್ಲಚ್ ಜಾರುತ್ತಲೇ ಇರುತ್ತದೆ. ಎರಡನೇ ಗೇರಿನಲ್ಲಿ ನಾನು ಮಾಡಿದ್ದು ಅದೇ. ಇಂಜಿನ್ ಕಿರುಚಿತು, ಗಾಡಿ ಹೋಗಲಿಲ್ಲ, ಹುಡುಗ ಹೋದ. ಮೂರನೇ ಗೇರಿನಲ್ಲಿ ಒಂದು ಕ್ಷಣ ಎಲ್ಲ ಕೂಡಿಬಂತು, ಎಷ್ಟು ಚೆನ್ನಾಗಿ ಎಳೆಯಿತು ಅಂದರೆ ನನಗೆ ಮಾವನೇ ನೆನಪಾದರು. ನಿಜ ಹೇಳಬೇಕೆಂದರೆ ಪೆಟ್ರೋಲ್ ಸಾಲದ ಟೂ-ಸ್ಟ್ರೋಕ್ ಜಾಮ್ ಆಗುವ ಮುಂಚೆ ಹಾಗೇ ಚೆನ್ನಾಗಿ ಓಡುತ್ತದೆ. ಆಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಆಯಿತು. ಹಿಂದಿನ ಚಕ್ರ ಕೀ ಅಂದಿತು. ಎಡಗೈ ಎರಡು ಬೆರಳು ಕ್ಲಚ್ ಮೇಲೇ ಇಟ್ಟಿರು ಅಂತ ಕಾಕಾ ಹೇಳಿದ್ದೊಂದು ಮಾತು ಮಾತ್ರ ಪಾಲಿಸಿದ್ದೆ. ಬಿದ್ದಿಲ್ಲ.

ತಳ್ಳಿಕೊಂಡು ವಾಪಸ್ ಬಂದೆವು. ಅರ್ಧ ಗಂಟೆ ಆರಿದ ಮೇಲೆ ಕಿಕ್ಕರ್ ಇಳಿಯಿತು. ಹೆಡ್, ಸಿಲಿಂಡರ್ ಬಿಚ್ಚಿದರೆ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಯೆಲ್ಲ ಗೀರು, ಬೋರಿಗೆ ಅಲ್ಯೂಮಿನಿಯಂ ಮೆತ್ತಿಕೊಂಡಿದೆ. ರಿಂಗ್ ಮಾತ್ರ ಅಲುಗಾಡುತ್ತಿತ್ತು. ಭಾವಮೈದ ಎಮರಿ ಪೇಪರ್ ಹುಡುಕಿಕೊಂಡು ಹೊರಟವನು ಆ ಆರ್‌ಎಕ್ಸ್ ಹುಡುಗನನ್ನೇ ಕರೆದುಕೊಂಡು ಬಂದ. ಅವನು ಪೇಪರ್ ಕೊಟ್ಟು ಹೋಗಲಿಲ್ಲ, ಕೂತು ತಾನೇ ಬೋರ್ ಉಜ್ಜಿದ. ಸಾಂಗಲಿಯವನು, ಮರಾಠಿ ಬಿಟ್ಟರೆ ಬೇರೆ ಮಾತಿಲ್ಲ, ಜೆಟ್ ನೋಡಿ ತಲೆ ಅಲ್ಲಾಡಿಸಿದ. ನನ್ನ ಡಬ್ಬಿಯಿಂದ 150 ಆರಿಸಿ ಕೊಟ್ಟ. ಪೆಟ್ರೋಲ್ ಹೊಸದಾಗಿ ಕಲಸಿದೆವು, ಲೀಟರಿಗೆ 40 ಎಂಎಲ್ ಆಯಿಲ್.

ಹನ್ನೆರಡರ ಹೊತ್ತಿಗೆ ಎರಡನೇ ಓಟ. ಹಿಂದೆ ನಿಂತವರು ಮೂಗು ಮುಚ್ಚಿಕೊಳ್ಳುವಷ್ಟು ಹೊಗೆ. ಮೇಲಿನ ಆರ್‌ಪಿಎಂನಲ್ಲಿ ತೊದಲಿತು, ಆದರೂ ಕೊನೆ ಗೆರೆ ದಾಟಿತು. 18.3 ಸೆಕೆಂಡ್. ಆ ವರ್ಗದಲ್ಲಿ ನನ್ನ ಹಿಂದೆ ಇದ್ದವನು ಒಬ್ಬನೇ, ಅವನ ಚೈನ್ ಕಳಚಿತ್ತು.

ಸಂಜೆ ಕಾಕಾಗೆ ಫೋನ್ ಮಾಡಿದೆ. ಮದುವೆ ಮನೆಯ ಬ್ಯಾಂಡಿನ ಗಲಾಟೆಯಲ್ಲಿ ಎಲ್ಲ ಕೇಳಿಸಿಕೊಂಡರು. "ಎರಡನೇ ಸಲ ಹೊಗಿ ಬಂತೇನು?"

"ಬಂತು ಕಾಕಾ."

"ಸೋಮವಾರ ಬೋರ್ ತಗೊಂಡ್ ಬಾ. ಮತ್ತ ಆ 130 ಜೆಟ್ಟೂ ತಗೊಂಡ್ ಬಾ."

ಸೋಮವಾರ ಆಫೀಸಿಗೆ ರಜೆ ಹಾಕಿ ಹೋದೆ. ಕಾಕಾ ಬೋರಿನೊಳಗೆ ಬೆರಳು ಆಡಿಸಿದರು, ಸಿಲಿಂಡರ್ ಮೇಲೆ ಸೀಮೆಸುಣ್ಣದಿಂದ 0.50 ಅಂತ ಬರೆದರು, ಅಂದರೆ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಬೇಕು ಅಂತ. ಆಮೇಲೆ ಕೈ ಚಾಚಿದರು. ಜೆಟ್ ಕೊಟ್ಟೆ. ಡ್ರಾಯರಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ಜೇಬಿಗೆ ಇಳಿಸಿಕೊಂಡು ಹುಡುಗನಿಗೆ ಎರಡು ಚಹಾ ಹೇಳಿದರು.