ಲಂಡನ್ನಿಗೆ ಬೆಂಕಿ ಬಿದ್ದ ಟರ್ಮು

ಇಲ್ಲಿನ ಪ್ರೈಮರಿ ಶಾಲೆಯ ಬಗ್ಗೆ ಊರಿನವರು ಕೇಳುವ ಮೊದಲ ಪ್ರಶ್ನೆ, ‘ಸಿಲೆಬಸ್ ಏನು?’ ಎರಡನೆಯದು, ‘ಪುಸ್ತಕ ಯಾವುದು?’ ಎರಡಕ್ಕೂ ಒಂದೇ ಮಾತಿನಲ್ಲಿ ಉತ್ತರ ಹೇಳೋದು ಕಷ್ಟ. ಇಂಗ್ಲೆಂಡಿನ ಶಾಲೆಯಿಂದ ನಮ್ಮ ಮನೆಗೆ ಪಠ್ಯಪುಸ್ತಕ ಅಂತ ಒಂದೂ ಬಂದಿಲ್ಲ. ಬರುವುದು ತೆಳ್ಳನೆಯ ಬುಕ್ ಬ್ಯಾಗ್. ಅದರೊಳಗೆ ಒಂದು ಕಥೆಪುಸ್ತಕ, ಅದನ್ನು ಓದಿಸಿದ್ದಕ್ಕೆ ನಾವು ಸಹಿ ಹಾಕಬೇಕಾದ ರೀಡಿಂಗ್ ರೆಕಾರ್ಡ್. ಟರ್ಮ್ ಶುರುವಾದಾಗ ಮಾತ್ರ ಒಂದು ಹಾಳೆ ಬರುತ್ತದೆ. ಯಾವ ವಿಷಯದಲ್ಲಿ ಏನು ಕಲಿಸುತ್ತೇವೆ ಅಂತ ಚೌಕ ಹಾಕಿ ಬರೆದಿರುತ್ತಾರೆ. ಅಷ್ಟೇ.

ಮಗಳು ಈಗ ಇಯರ್ ಟೂ. ಅಂದರೆ ಆರು ತುಂಬಿ ಏಳು ನಡೆಯುತ್ತಿರುವ ಮಕ್ಕಳ ಕ್ಲಾಸು. ನಾಲ್ಕು ವರ್ಷ ತುಂಬಿದ ಮೇಲೆ ಬರುವ ಸೆಪ್ಟೆಂಬರಿನಲ್ಲಿ ರಿಸೆಪ್ಷನ್‌ಗೆ ಸೇರುತ್ತಾರೆ, ಆಮೇಲೆ ಇಯರ್ ಒನ್, ಇಯರ್ ಟೂ. ವರ್ಷಕ್ಕೆ ಮೂರು ಟರ್ಮ್: ಆಟಮ್, ಸ್ಪ್ರಿಂಗ್, ಸಮ್ಮರ್. ಒಂದೊಂದು ಟರ್ಮಿನ ಮಧ್ಯದಲ್ಲೂ ಹಾಫ್ ಟರ್ಮ್ ರಜೆ. ನಾನಿಲ್ಲಿ ಬರೆಯುತ್ತಿರುವುದು ಸೆಪ್ಟೆಂಬರಿನಿಂದ ಕ್ರಿಸ್‌ಮಸ್‌ವರೆಗಿನ ಆಟಮ್ ಟರ್ಮಿನ ಕಥೆ.

ಈ ಸಲದ ಹಾಳೆಯಲ್ಲಿ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದು ‘ದಿ ಗ್ರೇಟ್ ಫೈರ್ ಆಫ್ ಲಂಡನ್’. ಮಗಳು ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ವರದಿ ಒಪ್ಪಿಸಿದಳು.

“ಅಜ್ಜೀ, ಲಂಡನ್ನಿಗೆ ಬೆಂಕಿ ಬಿತ್ತು. ಎಲ್ಲಾ ಸುಟ್ಟುಹೋಯ್ತು!”

“ಅಯ್ಯೋ, ಯಾವಾಗ ಪುಟ್ಟೀ? ನೀವೆಲ್ಲ ಹುಷಾರಾಗಿದೀರಾ?”

“1666ರಲ್ಲಿ ಅಜ್ಜಿ.”

ಅಜ್ಜಿ ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ಮೊಮ್ಮಗಳು ಪೂರ್ತಿ ಕಥೆ ಹೇಳಿ ಮುಗಿಸಿದ್ದಳು. ಸೆಪ್ಟೆಂಬರ್ 2, ಭಾನುವಾರ, ನಡುರಾತ್ರಿ ಕಳೆದ ಮೇಲೆ, ಪುಡ್ಡಿಂಗ್ ಲೇನ್ ಎಂಬ ಬೀದಿಯಲ್ಲಿ ಥಾಮಸ್ ಫ್ಯಾರಿನರ್ ಎಂಬವನ ಬೇಕರಿಯಲ್ಲಿ ಶುರುವಾದ ಬೆಂಕಿ. ಆ ವರ್ಷ ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ. ಮನೆಗಳೆಲ್ಲ ಮರದವು, ಒಂದಕ್ಕೊಂದು ಅಂಟಿಕೊಂಡಂತೆ ಇದ್ದವು. ಮೇಲಿಂದ ಪೂರ್ವದ ಗಾಳಿ ಬೇರೆ. ನಾಲ್ಕು ದಿನದಲ್ಲಿ 13,200 ಮನೆ, 87 ಚರ್ಚು, ಜೊತೆಗೆ ಸೇಂಟ್ ಪಾಲ್ಸ್ ಕೆಥೀಡ್ರಲ್ ಕೂಡ ಸುಟ್ಟವು. ಲೆಕ್ಕಗಳೆಲ್ಲ ನಾನು ಸೇರಿಸಿದ್ದು. ಅವಳು ಅಜ್ಜಿಗೆ ಹೇಳಿದ್ದು ‘ತುಂಬಾ ತುಂಬಾ ಮನೆ’ ಅಂತ. ಆದರೆ ಬೆಂಕಿ ಯಾಕೆ ಹರಡಿತು ಎನ್ನುವುದಕ್ಕೆ ಮೂರು ಕಾರಣವನ್ನು ಬೆರಳು ಮಡಚಿ ಹೇಳಿದಳು.

ಇದು ಇತಿಹಾಸದ ಪಾಠ ತಾನೇ ಅಂತ ನಾನು ಸುಮ್ನಿದ್ದೆ. ಆದರೆ ಬೆಂಕಿ ಒಂದು ಪೀರಿಯಡ್‌ನಲ್ಲಿ ನಿಲ್ಲಲಿಲ್ಲ. ಭೂಗೋಳದಲ್ಲಿ ದಿಕ್ಕುಗಳನ್ನು ಕಲಿಸಿದ್ದು ಇದೇ ಬೆಂಕಿ ಇಟ್ಟುಕೊಂಡು. ಪೂರ್ವದಿಂದ ಗಾಳಿ ಬೀಸಿದರೆ ಬೆಂಕಿ ಯಾವ ಕಡೆ ಓಡುತ್ತದೆ? ಪಶ್ಚಿಮಕ್ಕೆ. ದಕ್ಷಿಣಕ್ಕೆ ಏನಿದೆ? ಥೇಮ್ಸ್ ನದಿ. ಕಂಪ್ಯೂಟಿಂಗ್ ಕ್ಲಾಸಿನಲ್ಲಿ ಬೀ-ಬಾಟ್ ಎಂಬ ಜೇನುಹುಳದಂಥ ಪುಟ್ಟ ರೋಬೋ ಇದೆ, ಬೆನ್ನ ಮೇಲೆ ಬಾಣದ ಗುಂಡಿಗಳು. ನೆಲದ ಮೇಲೆ ಹಳೆಯ ಲಂಡನ್ನಿನ ನಕ್ಷೆ ಹಾಸಿ, ಪುಡ್ಡಿಂಗ್ ಲೇನ್‌ನಿಂದ ಸೇಂಟ್ ಪಾಲ್ಸ್‌ವರೆಗೆ ಅದನ್ನು ನಡೆಸಬೇಕು. ಮುಂದೆ, ಮುಂದೆ, ಎಡಕ್ಕೆ, ಮುಂದೆ. ಇದಕ್ಕೆ ‘ಆಲ್ಗರಿದಮ್’ ಅನ್ನುತ್ತಾಳೆ ಮಗಳು. ನಾನು ಆ ಪದ ಮೊದಲು ಕೇಳಿದ್ದು ಎಂಜಿನಿಯರಿಂಗ್ ಸೇರಿದ ಮೇಲೆ.

ವಿಜ್ಞಾನದಲ್ಲಿ ವಸ್ತುಗಳ ಪಾಠ. ಯಾವುದು ಬಾಗುತ್ತದೆ, ಯಾವುದು ಹಿಗ್ಗುತ್ತದೆ, ಯಾವುದನ್ನು ಹಿಂಡಬಹುದು, ಯಾವುದಕ್ಕೆ ಯಾವ ಕೆಲಸ ಸರಿ. ಅದೂ ಸುತ್ತಿ ಬಂದು ಲಂಡನ್ನಿಗೇ ತಲುಪಿತು. ಬೆಂಕಿಯಾದ ಮರುವರ್ಷವೇ, 1667ರಲ್ಲಿ, ಹೊಸ ಮನೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಿಂದಲೇ ಕಟ್ಟಬೇಕು ಅಂತ ಕಾನೂನು ಬಂತು. ಯಾಕೆ ಅಂತ ಮಕ್ಕಳೇ ಹೇಳಬೇಕು.

ಇಂಗ್ಲಿಷ್ ಕ್ಲಾಸಿನಲ್ಲಿ ಡೈರಿ ಬರೆಯುವುದು. ಸ್ಯಾಮ್ಯುಯೆಲ್ ಪೀಪ್ಸ್ ಎಂಬಾತ ಆ ಬೆಂಕಿಯನ್ನು ಕಣ್ಣಾರೆ ಕಂಡು ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಮನೆ ಬಿಟ್ಟು ಹೋಗುವ ಮೊದಲು ತೋಟದಲ್ಲಿ ಗುಂಡಿ ತೋಡಿ ಪಾರ್ಮೆಸಾನ್ ಚೀಸ್ ಮತ್ತು ವೈನ್ ಹೂತಿಟ್ಟನಂತೆ. ಮಕ್ಕಳಿಗೆ ಇಡೀ ಟರ್ಮಿನಲ್ಲಿ ಅತಿ ಇಷ್ಟವಾದ ಸಂಗತಿ ಇದೇ ಅಂತ ನನ್ನ ಅನುಮಾನ. ಮಗಳು ಬರೆದ ಡೈರಿಯಲ್ಲಿ ಅವಳು ಹೂತಿಟ್ಟದ್ದು ಟೆಡ್ಡಿ ಮತ್ತು ಅಮ್ಮನ ಲ್ಯಾಪ್‌ಟಾಪ್. ಪಕ್ಕದಲ್ಲಿ ಟೀಚರ್ ಹಸಿರು ಇಂಕಿನಲ್ಲಿ ಕೇಳಿದ್ದರು: ‘1666ರಲ್ಲಿ ಲ್ಯಾಪ್‌ಟಾಪ್ ಇತ್ತಾ?’ ಅವಳು ಅದನ್ನು ಹೊಡೆದುಹಾಕಿ ‘ಅಮ್ಮನ ಬಳೆ’ ಅಂತ ತಿದ್ದಿದ್ದಳು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ನವೆಂಬರಿನಲ್ಲಿ ನಡೆದದ್ದು. ಮಕ್ಕಳೆಲ್ಲ ರಟ್ಟಿನ ಡಬ್ಬಿಗಳಿಂದ ಆ ಕಾಲದ ಮನೆ ಮಾಡಿದ್ದರು. ಬಿಳಿ ಗೋಡೆ, ಕಪ್ಪು ಮರದ ಪಟ್ಟಿ, ಮೇಲಂತಸ್ತು ಬೀದಿಗೆ ಚಾಚಿಕೊಂಡಂತೆ. ಅವನ್ನು ಆಟದ ಅಂಗಳದಲ್ಲಿ ಎರಡು ಸಾಲಾಗಿ ಇಟ್ಟು, ನಡುವೆ ಇಕ್ಕಟ್ಟಾದ ಓಣಿ ಬಿಟ್ಟರು. ಒಂದು ಕಡೆ ಕೊನೆಯ ಮೂರು ಮನೆಗಳನ್ನು ಮಾತ್ರ ಬೇಕಂತಲೇ ದೂರ ಇಟ್ಟಿದ್ದರು. ಅಗ್ನಿಶಾಮಕ ದಳದವರು ಗಾಡಿ ಸಮೇತ ಬಂದಿದ್ದರು. ನಾವು ಅಪ್ಪ ಅಮ್ಮಂದಿರು ಬೇಲಿಯ ಆಚೆ. ಹಚ್ಚುವ ಮೊದಲು ಮಕ್ಕಳು ಒಬ್ಬೊಬ್ಬರೂ ಹೇಳಬೇಕಿತ್ತು: ಯಾವ ಮನೆ ಮೊದಲು ಸುಡುತ್ತದೆ, ಯಾವುದು ಉಳಿಯುತ್ತದೆ, ಯಾಕೆ? ಉತ್ತರ ಬರೆದುಕೊಂಡ ಮೇಲೇ ಬೆಂಕಿ.

ಹತ್ತಿಕೊಂಡದ್ದೇ ತಡ, ಓಣಿ ದಾಟಿ ಎದುರು ಸಾಲಿಗೆ ಹಾರಿತು. ಮಕ್ಕಳು ಕಿರುಚಿದ್ದೇ ಕಿರುಚಿದ್ದು. ದೂರ ಇಟ್ಟ ಮೂರು ಮನೆಗಳ ಗೋಡೆ ಸ್ವಲ್ಪ ಕಪ್ಪಾಯಿತು, ಸುಡಲಿಲ್ಲ. 1666ರಲ್ಲೂ ಉದ್ದ ಕೊಕ್ಕೆಗಳಿಂದ ಮನೆಗಳನ್ನು ಎಳೆದು ಕೆಡವಿ, ಬೆಂಕಿ ದಾಟದ ಹಾಗೆ ಜಾಗ ಖಾಲಿ ಮಾಡಲು ನೋಡಿದ್ದರು. ಲಂಡನ್ನಿನ ಮೇಯರ್ ಮೊದಲು ಹಿಂದೆಮುಂದೆ ನೋಡಿದ, ಅಷ್ಟರಲ್ಲಿ ಕೈಮೀರಿತ್ತು. ಬರೀ ಹೇಳಿದ್ದರೆ ಮರುದಿನ ಮರೆಯುತ್ತಿದ್ದರೇನೋ. ಆ ದಿನ ಒಬ್ಬ ಹುಡುಗ ತನ್ನ ಮನೆ ಸುಟ್ಟಿತು ಅಂತ ಅತ್ತ. ನಮ್ಮವಳು ತನ್ನದು ಸುಡಲಿಲ್ಲ ಅಂತ ಮುಖ ಊದಿಸಿಕೊಂಡಳು.

ಎಲ್ಲವೂ ಇಷ್ಟು ಚೆಂದ ಅಂತೇನಿಲ್ಲ. ಈ ದೇಶದವರಿಗೆ ವ್ಯಾಕರಣದ ಹೆಸರುಗಳ ಮೇಲೆ ಯಾಕಿಷ್ಟು ಪ್ರೀತಿಯೋ ಗೊತ್ತಿಲ್ಲ. ಆರು ವರ್ಷದ ಮಗು ಊಟ ಮಾಡುತ್ತಾ, ‘ದಿ ಹಾಟ್, ಆರೆಂಜ್ ಫ್ಲೇಮ್ಸ್’ ಎಂಬುದು ‘ಎಕ್ಸ್‌ಪಾಂಡೆಡ್ ನೌನ್ ಫ್ರೇಸ್’ ಅನ್ನುತ್ತದೆ. ಆಶ್ಚರ್ಯದ ವಾಕ್ಯ ಅಂದರೆ ‘ವಾಟ್’ ಅಥವಾ ‘ಹೌ’ ಎಂಬುದರಿಂದಲೇ ಶುರುವಾಗಬೇಕಂತೆ. ಸುಮ್ನೆ ‘ಫೈರ್!’ ಅಂತ ಕೂಗಿದರೆ ಲೆಕ್ಕಕ್ಕಿಲ್ಲ. ಪುಡ್ಡಿಂಗ್ ಲೇನಿನವರು ಈ ನಿಯಮ ಪಾಲಿಸಿದ್ದರೆ ಏನಾಗುತ್ತಿತ್ತೋ!

ಓದು ಕಲಿಸುವ ಕ್ರಮ ಮಾತ್ರ ಗಟ್ಟಿ. ರಿಸೆಪ್ಷನ್‌ನಿಂದಲೇ ಫೋನಿಕ್ಸ್. ಅಕ್ಷರದ ಹೆಸರಿಗಿಂತ ಮೊದಲು ಅದರ ಸದ್ದು. 26 ಅಕ್ಷರ, ಸುಮಾರು 44 ಸದ್ದು, ಹಾಗಾಗಿ ಎರಡು ಮೂರು ಅಕ್ಷರ ಸೇರಿ ಒಂದು ಸದ್ದಾಗುವುದೂ ಜಾಸ್ತಿ. ಇಯರ್ ಒನ್ ಜೂನ್‌ನಲ್ಲಿ ಒಂದು ಪರೀಕ್ಷೆ ಇರುತ್ತದೆ. ಟೀಚರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು 40 ಪದ ಓದಿಸುತ್ತಾರೆ. ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ. ಮಕ್ಕಳು ಅವನ್ನು ‘ಏಲಿಯನ್ ಪದ’ ಅನ್ನುತ್ತಾರೆ, ಪಕ್ಕದಲ್ಲಿ ಏಲಿಯನ್ ಚಿತ್ರವೂ ಇರುತ್ತದೆ. ಮಗು ಬಾಯಿಪಾಠ ಮಾಡಿದ ಪದ ಒಪ್ಪಿಸುತ್ತಿದೆಯೋ, ನಿಜಕ್ಕೂ ಅಕ್ಷರ ಕೂಡಿಸಿ ಓದುತ್ತಿದೆಯೋ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ. ಒಳ್ಳೆಯ ಉಪಾಯ ಅಲ್ವಾ? ಮನೆಯಲ್ಲಿ ಕನ್ನಡ ಕಲಿಸುವಾಗ ನಾನೂ ಇದನ್ನೇ ಮಾಡುತ್ತೇನೆ. ‘ಟಿಮೂಗೆ’ ಅಂತ ಏನೋ ಒಂದು ಬರೆದು ಓದು ಅಂದರೆ ಬಿದ್ದುಬಿದ್ದು ನಕ್ಕು ಓದುತ್ತಾಳೆ.

ಉಳಿದದ್ದು ಚುಟುಕಾಗಿ. ಧರ್ಮಗಳ ಪಾಠದಲ್ಲಿ ಅಕ್ಟೋಬರಿನ ಹೊತ್ತಿಗೆ ದೀಪಾವಳಿ, ಮಣ್ಣಿನ ಹಣತೆ. ನವೆಂಬರ್ 5ಕ್ಕೆ, ಪಾರ್ಲಿಮೆಂಟನ್ನೇ ಸಿಡಿಮದ್ದಿಟ್ಟು ಉಡಾಯಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್ ಕಥೆ, ಅದು 1605ರದ್ದು, ಹಾಗಾಗಿ ಗೋಡೆಯ ಟೈಮ್‌ಲೈನ್‌ನಲ್ಲಿ ಬೆಂಕಿಗಿಂತ ಮೊದಲು. ನವೆಂಬರ್ 11ಕ್ಕೆ, ಯುದ್ಧದಲ್ಲಿ ಮಡಿದವರ ನೆನಪಿಗೆ, ಎದೆಗೆ ಕೆಂಪು ಪಾಪಿ (ಗಸಗಸೆ ಜಾತಿಯ) ಹೂ. ಡಿಸೆಂಬರಿನಲ್ಲಿ ಏಸು ಹುಟ್ಟಿದ ನಾಟಕ, ನಮ್ಮವಳು ಕುರಿ. ಸಂಭಾಷಣೆ ಇರಲಿಲ್ಲ, ಆದರೂ ಮನೆಯಲ್ಲಿ ಅಭ್ಯಾಸ ಜೋರಾಗಿತ್ತು.

ಪೇರೆಂಟ್ಸ್ ಈವ್ನಿಂಗ್ ಅಂದರೆ ಹತ್ತು ನಿಮಿಷ, ಮಕ್ಕಳ ಪುಟಾಣಿ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು. ರ‍್ಯಾಂಕ್ ಇಲ್ಲ, ಅಂಕವೂ ಇಲ್ಲ. ವಯಸ್ಸಿಗೆ ತಕ್ಕಷ್ಟು ಬಂದಿದೆಯಾ, ಇನ್ನೂ ಬರಬೇಕಾ, ಅದಕ್ಕಿಂತ ಆಳವಾಗಿ ತಿಳಿದಿದೆಯಾ, ಮೂರೇ ಮಾತು. ಇಯರ್ ಟೂ ಕೊನೆಗೆ ಕಡ್ಡಾಯವಾಗಿದ್ದ ರಾಷ್ಟ್ರೀಯ ಪರೀಕ್ಷೆ ಕೂಡ 2023-24ರಿಂದ ಶಾಲೆಯ ಇಷ್ಟಕ್ಕೆ ಬಿಟ್ಟದ್ದು.

ನನ್ನ ತಕರಾರು ಇರುವುದು ಗಣಿತದಲ್ಲಿ. ಇಡೀ ಟರ್ಮು ನೂರರೊಳಗಿನ ಹತ್ತು ಮತ್ತು ಬಿಡಿ, ಕೂಡುವುದು, ಕಳೆಯುವುದು. 47ಕ್ಕೆ 25 ಕೂಡಲು ಒಮ್ಮೆ ಬಣ್ಣದ ಕಟ್ಟಿಗೆ ತುಂಡು, ಒಮ್ಮೆ ಚಿತ್ರ, ಒಮ್ಮೆ ಅಂಕಿ ಬರೆದ ಗೆರೆಯ ಮೇಲೆ ಜಿಗಿತ. ಉತ್ತರ ಬಂದ ಮೇಲೂ ‘ಹೇಗೆ ಗೊತ್ತಾಯಿತು?’ ಅಂತ ಕೇಳುತ್ತಾರೆ. ಅದು ಒಳ್ಳೆಯದೇ, ಆದರೆ ತುಂಬಾ ನಿಧಾನ. ಇಯರ್ ಟೂನಲ್ಲಿ ಮಗ್ಗಿ ಅಂದರೆ 2, 5, 10 ಮಾತ್ರ, ಅದೂ ಮುಂದಿನ ಟರ್ಮಿಗೆ. ಇಯರ್ ಫೋರ್ ಮುಗಿಯುವಷ್ಟರಲ್ಲಿ 12ರವರೆಗೆ ಎಲ್ಲವೂ ಬರಬೇಕು. ಆಗ ಕಂಪ್ಯೂಟರ್ ಮುಂದೆ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್. ಆರು ಸೆಕೆಂಡಿನಲ್ಲಿ ಕಟ್ಟಿಗೆ ತುಂಡು ಜೋಡಿಸಲು ಆಗುತ್ತದಾ? ಅದಕ್ಕೇ ಕ್ರಿಸ್‌ಮಸ್ ರಜೆಯಲ್ಲಿ ಮನೆಯಲ್ಲೇ ಮಗ್ಗಿ ಶುರು ಮಾಡಿದ್ದೇವೆ, ಕನ್ನಡದಲ್ಲಿ, ರಾಗವಾಗಿ. ಎರಡರದ್ದು ಬಂದಿದೆ. ಮೂರರ ಮಗ್ಗಿಗೆ, ‘ಅದು ನಮ್ಮ ಹಾಳೆಯಲ್ಲಿ ಇಲ್ಲ ಅಮ್ಮಾ’ ಅಂತ ತಗಾದೆ ತೆಗೆದಿದ್ದಾಳೆ.