ಮನೆ ಅಲ್ಲೇ ಇತ್ತು, ವಿಳಾಸ ತಪ್ಪಿತ್ತು

2004ರ ಜೂನ್. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಮಾವನದೊಂದು ಪುಟ್ಟ ಡಿಟಿಪಿ ಅಂಗಡಿ ಇತ್ತು. ಭಾನುವಾರ ರಜೆ, ಬೀಗದ ಕೈ ನನ್ನ ಹತ್ತಿರ. ಅವರ ಕಂಪ್ಯೂಟರಿನ 40 ಜಿಬಿ ಡಿಸ್ಕ್‌ನ ಕೊನೆಯಲ್ಲಿ ಒಂದಷ್ಟು ಜಾಗ ಸುಮ್ನೆ ಬಿದ್ದಿತ್ತು. ವಿಂಡೋಸ್ ಎಕ್ಸ್‌ಪಿ ಪಕ್ಕದಲ್ಲೇ ಲಿನಕ್ಸ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಬಿಟ್ಟೆ. ಮಾವನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ, ಎರಡರಲ್ಲಿ ಯಾವುದು ಬೇಕು ಅಂತ ಶುರುವಿನಲ್ಲೇ ಕೇಳುವ ಮೆನುವಿನಲ್ಲಿ ವಿಂಡೋಸ್ ಆರಿಸಿದರೆ 'ಚೈನ್‌ಲೋಡರ್ +1' ಅಂತ ಒಂದು ಸಾಲು ಬಂತು, ಅದರ ಕೆಳಗೆ ಕರ್ಸರ್ ಮಿಣುಕುತ್ತಾ ನಿಂತಿತು. ಅಷ್ಟೇ. ಅದೇ ಹೊತ್ತಿಗೆ ಹೆಣ್ಣಿನ ಕಡೆಯವರು ಲಗ್ನಪತ್ರಿಕೆಯ ಪ್ರೂಫ್ ಹಿಡಿದು ಬಂದರು. 'ಸುಖಾಗಮನ ಬಯಸುವವರು' ಪಟ್ಟಿಗೆ ಇನ್ನೂ ಮೂರು ಹೆಸರು ಸೇರಿಸಬೇಕಂತೆ, ಒಬ್ಬ ಚಿಕ್ಕಪ್ಪ ಆಗಲೇ ಮುನಿಸಿಕೊಂಡಿದ್ದಾರಂತೆ. ಮಾವ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ, ಬೈದಿದ್ದರೇ ವಾಸಿ ಇತ್ತು.

ಪರಿಚಯದ ರಿಪೇರಿಯವನು ಬಂದು ಎರಡು ನಿಮಿಷ ನೋಡಿ 'ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡೋಣ' ಅಂದ. ನಾನು ತಡೆದೆ. ಯಾಕಂದ್ರೆ ಲಿನಕ್ಸಿನ ಒಳಗಿಂದ ಇಣುಕಿದರೆ ಮಾವನ ಫೈಲುಗಳೆಲ್ಲ ಇದ್ದಲ್ಲೇ ಇದ್ದವು, ಪುಣ್ಯಕ್ಕೆ ಅವರ ಭಾಗ ಲಿನಕ್ಸಿಗೂ ಓದಲು ಬರುವ ಫ್ಯಾಟ್32 ನಮೂನೆಯಲ್ಲಿತ್ತು. ತೆರೆಯೋಕೆ ಪುಟ ಜೋಡಿಸುವ ಪೇಜ್‌ಮೇಕರ್ ಬೇಕು, ಅದು ವಿಂಡೋಸಿನಲ್ಲೇ ಇದೆ, ಅದೇ ತಲೆನೋವು.

ಡಿಸ್ಕ್‌ನ ಅಳತೆ ತೋರಿಸುವ ಎಫ್‌ಡಿಸ್ಕ್ ಓಡಿಸಿದಾಗ ಕಣ್ಣಿಗೆ ಬಿತ್ತು: 16 ಹೆಡ್, 63 ಸೆಕ್ಟರ್, 77545 ಸಿಲಿಂಡರ್. ಇದೇ ಡಿಸ್ಕ್ ಮೊದಲು 255 ಹೆಡ್, 4865 ಸಿಲಿಂಡರ್ ತೋರಿಸುತ್ತಿತ್ತು, ಅದನ್ನು ಭಾನುವಾರ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ (ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ). ಹಾಗಂತ ಡಿಸ್ಕ್‌ನೊಳಗೆ ನಿಜವಾಗಿ 255 ಹೆಡ್ (ಓದುವ ತಲೆ) ಇರೋದಿಲ್ಲ, ಎರಡೋ ನಾಲ್ಕೋ ಇದ್ದರೆ ಹೆಚ್ಚು. ಎರಡೂ ಲೆಕ್ಕ ಹಳೇ ಬಯಾಸ್‌ಗೆ (ಕಂಪ್ಯೂಟರ್ ಹಚ್ಚಿದ ಕೂಡಲೇ ಮೊದಲು ಓಡುವ ಪ್ರೋಗ್ರಾಂ) ಅರ್ಥವಾಗಲಿ ಅಂತ ಹೇಳುವ ಸುಳ್ಳು.

ಮಾವನಿಗೆ ಹೀಗೆ ಹೇಳಿದೆ. ನಮ್ಮ ಬಡಾವಣೆಯ ವಿಳಾಸ ಇದೆಯಲ್ಲ, ಇಷ್ಟನೇ ಮೇನ್, ಇಷ್ಟನೇ ಕ್ರಾಸ್, ಇಷ್ಟನೇ ಮನೆ ಅಂತ, ಸಿಲಿಂಡರ್, ಹೆಡ್, ಸೆಕ್ಟರ್ ಅಂದ್ರೂ ಅದೇ. ಒಂದು ಮೇನ್‌ಗೆ 255 ಕ್ರಾಸ್ ಅಂತ ಲೆಕ್ಕ ಹಾಕಿ ವಿಂಡೋಸ್ ವಿಳಾಸ ಬರೆದುಕೊಂಡಿದೆ. ಲಿನಕ್ಸಿನ ತಿರುಳಾದ ಕರ್ನಲ್ 2.6ಕ್ಕೆ ಬಂದ ಮೇಲೆ, ಬಯಾಸ್ ಯಾವ ಲೆಕ್ಕ ಹಿಡಿದಿದೆ ಅಂತ ಹೇಳೋದಿಲ್ಲ, ಹಾಗಾಗಿ ಹೊಸ ಇನ್‌ಸ್ಟಾಲರ್ 16 ಕ್ರಾಸ್ ಅಂದುಕೊಂಡು ಪಾರ್ಟಿಷನ್ ಟೇಬಲ್, ಅಂದ್ರೆ ಡಿಸ್ಕ್‌ನ ಯಾವ ಭಾಗ ಎಲ್ಲಿದೆ ಅನ್ನೋ ಪಟ್ಟಿ, ಬರೆದಿದೆ. ಬಯಾಸ್ 'ಆಟೋ'ದಲ್ಲಿತ್ತು, ಅದು ಆ ಟೇಬಲ್ ನೋಡಿ ತಾನೂ 16 ಅಂದುಕೊಂಡಿದೆ. ಈಗ ಹಳೇ ವಿಳಾಸ ಹಿಡಿದು ಹೋದರೆ ಬೇರೆಯವರ ಮನೆ ಬಾಗಿಲು ಬಡಿದ ಹಾಗೆ.

'ಮನೆ ಅಲ್ಲೇ ಇದೆ ತಾನೆ?' ಅಂದರು ಮಾವ.

ಮಷೀನ್ ರೀಸ್ಟಾರ್ಟ್ ಮಾಡಿ ಡಿಲೀಟ್ ಒತ್ತಿ ಬಯಾಸ್‌ಗೆ ಹೋದೆ. ಹಾರ್ಡ್‌ಡಿಸ್ಕ್ ಆಕ್ಸೆಸ್ ಮೋಡ್ ಆಟೋ ಇದ್ದದ್ದನ್ನು ಎಲ್‌ಬಿಎ ಮಾಡಿದೆ, ಅಂದ್ರೆ ಟೇಬಲ್ ನೋಡಿ ಊಹಿಸಬೇಡ, 255ರ ಲೆಕ್ಕವನ್ನೇ ಹಿಡಿ ಅಂತ. ಸೇವ್ ಮಾಡುವಾಗ ಕರೆಂಟು ಹೋಗದಿರಲಿ ಅಂತ ಯುಪಿಎಸ್ ಕಡೆ ಒಂದು ಕಣ್ಣು. ಮೆನು ಬಂತು, ವಿಂಡೋಸ್ ಒತ್ತಿದೆ, ಕರ್ಸರ್ ಒಂದು ಕ್ಷಣ ನಿಂತೇ ಬಿಟ್ಟಿತು, ಆಮೇಲೆ ಆ ಎಕ್ಸ್‌ಪಿ ಪಟ್ಟಿ ಎಡದಿಂದ ಬಲಕ್ಕೆ ಓಡತೊಡಗಿತು. ರಿಪೇರಿಯವನು ಚಹಾ ಕುಡಿದು ಹೋದ.

ಮೂರು ಹೆಸರು ಸೇರಿದವು, ಚಿಕ್ಕಪ್ಪನದು ಎಲ್ಲರಿಗಿಂತ ಮೇಲೆ.

ಟೇಬಲ್‌ನಲ್ಲಿ 16 ಹಾಗೇ ಉಳಿದಿತ್ತು. ಮುಂದಿನ ಭಾನುವಾರ ಆ ಟೇಬಲ್ ಇರುವ ಮೊದಲ ಸೆಕ್ಟರಿನ 512 ಬೈಟನ್ನು ಫ್ಲಾಪಿಗೆ ಕಾಪಿ ಮಾಡಿಟ್ಟುಕೊಂಡು, ಟೇಬಲ್ ಬರೆಯುವ ಎಸ್‌ಎಫ್‌ಡಿಸ್ಕ್ ಪ್ರೋಗ್ರಾಂಗೆ 255 ಹೆಡ್ ಅಂತ ಹೇಳಿ ಟೇಬಲ್ ಮತ್ತೆ ಬರೆಸಿದೆ. ಅದನ್ನೂ ಮಾವನಿಗೆ ಹೇಳಲಿಲ್ಲ.